ಆಸ್ಟ್ರೇಲಿಯಾದಲ್ಲಿ ಜೂಜು ಕೈಮೀರಿದಾಗ: ಮೊದಲು ಬಾಗಿಲು ಮುಚ್ಚಿ, ಸಾಲದ ಮಾತು ಆಮೇಲೆ

ಹೊಸದಾಗಿ ಬಂದವರಿಗೆ ಇಲ್ಲಿನ ಜೂಜು ಜೂಜಿನ ಹಾಗೆ ಕಾಣುವುದೇ ಇಲ್ಲ. ಊರಲ್ಲಿ ಇಸ್ಪೀಟ್ ಅಡ್ಡೆ ಎಂದರೆ ಪೊಲೀಸರ ನೆನಪಾಗುತ್ತದೆ. ಲಾಟರಿಯನ್ನಂತೂ ಕರ್ನಾಟಕದಲ್ಲಿ 2007ರಲ್ಲೇ ನಿಲ್ಲಿಸಿದರು. ಇಲ್ಲಿ ಮಕ್ಕಳನ್ನು ಊಟಕ್ಕೆ ಕರೆದುಕೊಂಡು ಹೋಗುವ ಕ್ಲಬ್ಬಿನಲ್ಲೇ ಗೋಡೆಯ ಆಚೆ ದುಡ್ಡು ಹಾಕಿ ಆಡುವ ಪೋಕಿ ಮಷಿನ್‌ಗಳಿರುತ್ತವೆ. ಐಪಿಎಲ್ ಮೇಲೆ ಬೆಟ್ ಕಟ್ಟುವ ಆ್ಯಪ್‌ಗೆ ಸರ್ಕಾರದ ಲೈಸೆನ್ಸೇ ಇದೆ. ಈ ದೇಶದ ಜನ ವರ್ಷಕ್ಕೆ 3,000 ಕೋಟಿ ಡಾಲರಿಗೂ ಹೆಚ್ಚು ಜೂಜಿನಲ್ಲಿ ಕಳೆಯುತ್ತಾರೆ. ತಲಾ ಲೆಕ್ಕ ಹಾಕಿದರೆ ಜಗತ್ತಿನಲ್ಲೇ ಜಾಸ್ತಿ.

ನಮ್ಮವರು ಸಿಕ್ಕಿಹಾಕಿಕೊಂಡಾಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೊದಲು ಮುಚ್ಚಿಡುತ್ತಾರೆ. ಆಮೇಲೆ ಗೆಳೆಯರ ಹತ್ತಿರ ಕೈಸಾಲ. ಕೊನೆಗೆ ಊರಿಗೆ ಫೋನು, ಅಪ್ಪ ಸೈಟು ಮಾರಿ ದುಡ್ಡು ಕಳಿಸುವುದು. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ಖಚಿತ ಅಭಿಪ್ರಾಯ. ಆಡುವ ದಾರಿ ತೆರೆದೇ ಇರುವಾಗ ಸಾಲ ತೀರಿಸುವುದು ನಲ್ಲಿ ಬಂದ್ ಮಾಡದೆ ನೆಲ ಒರೆಸಿದ ಹಾಗೆ. ತೀರಿದ ಸಾಲದ ಜಾಗದಲ್ಲಿ ಹೊಸ ಸಾಲ ಬಂದು ಕೂರುತ್ತದೆ, ಸೈಟು ಮಾತ್ರ ವಾಪಸ್ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಬೆಟ್‌ಸ್ಟಾಪ್. ಇದು 2023ರ ಆಗಸ್ಟ್‌ನಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿ ವ್ಯವಸ್ಥೆ, ಪೂರ್ತಿ ಉಚಿತ. ಗುರುತಿನ ದಾಖಲೆ, ಫೋನ್ ನಂಬರ್ ಕೊಟ್ಟು ಹೆಸರು ಬರೆಸಿದರೆ ಸಾಕು. ಲೈಸೆನ್ಸ್ ಇರುವ ಯಾವ ಆನ್‌ಲೈನ್ ಅಥವಾ ಫೋನ್ ಬೆಟ್ಟಿಂಗ್ ಕಂಪನಿಯೂ ನಿಮ್ಮಿಂದ ಬೆಟ್ ತೆಗೆದುಕೊಳ್ಳುವಂತಿಲ್ಲ. ಹೊಸ ಖಾತೆ ಕೊಡುವಂತಿಲ್ಲ. ‘ಬೋನಸ್ ಬೆಟ್ ಬಂದಿದೆ’ ಎಂದು ಮೆಸೇಜ್ ಕಳಿಸುವಂತೆಯೂ ಇಲ್ಲ. ಕಡಿಮೆ ಅಂದರೆ 3 ತಿಂಗಳು, ಬೇಕಿದ್ದರೆ ಜೀವನಪೂರ್ತಿ. ಮನಸ್ಸು ಗಟ್ಟಿಯಾಗಿರುವ ಒಂದು ಸಂಜೆ ಹೆಸರು ಬರೆಸಿಬಿಟ್ಟರೆ, ಮನಸ್ಸು ಸೋಲುವ ರಾತ್ರಿಯಲ್ಲೂ ಆ ಬಾಗಿಲು ತೆರೆಯುವುದಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಇದಕ್ಕೂ ಮಿತಿಗಳಿವೆ. ಕ್ಲಬ್, ಪಬ್‌ಗಳ ಪೋಕಿ ಮಷಿನ್‌ಗಳಿಗೆ, ಕ್ಯಾಸಿನೊಗೆ ಬೆಟ್‌ಸ್ಟಾಪ್ ಅನ್ವಯವಾಗುವುದಿಲ್ಲ. ಅಲ್ಲಿ ‘ನನ್ನನ್ನು ಆಡಲು ಬಿಡಬೇಡಿ’ ಎಂದು ನಾವೇ ಬರೆದುಕೊಡುವ ‘ಸೆಲ್ಫ್ ಎಕ್ಸ್‌ಕ್ಲೂಷನ್’ಗೆ ಬೇರೆಯಾಗಿ ಸಹಿ ಹಾಕಬೇಕು. ಪ್ರತಿ ಕ್ಲಬ್ಬಿಗೂ ಹೋಗಿ ಮುಜುಗರ ಪಡಬೇಕಿಲ್ಲ, ಕೌನ್ಸೆಲರ್ ಸಹಾಯ ಮಾಡುತ್ತಾರೆ. ವಿದೇಶಿ ಜೂಜಿನ ವೆಬ್‌ಸೈಟುಗಳನ್ನೂ ಬೆಟ್‌ಸ್ಟಾಪ್ ತಡೆಯುವುದಿಲ್ಲ. ಆನ್‌ಲೈನ್ ಕ್ಯಾಸಿನೊ, ಆನ್‌ಲೈನ್ ಪೋಕಿಗಳನ್ನು ಇಲ್ಲಿನವರಿಗೆ ಒದಗಿಸುವುದು 2001ರ ಕಾನೂನಿನ ಪ್ರಕಾರ ಅಪರಾಧ, ಆದರೂ ಅವು ಕಳ್ಳದಾರಿಯಲ್ಲಿ ಬರುತ್ತಲೇ ಇರುತ್ತವೆ. ಅದಕ್ಕೇ ಎರಡನೇ ಬೀಗ ಬೇಕು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ‘ಗ್ಯಾಂಬ್ಲಿಂಗ್ ಬ್ಲಾಕ್’ ಹುಡುಕಿ. ಇಲ್ಲಿನ ದೊಡ್ಡ ಬ್ಯಾಂಕುಗಳಲ್ಲೆಲ್ಲ ಈ ಸೌಲಭ್ಯ ಇದೆ. ನಗದು ತೆಗೆಯುವುದನ್ನು ಮಾತ್ರ ಅದು ತಡೆಯದು, ಹಾಗಾಗಿ ಕೆಲವು ತಿಂಗಳು ಸಂಬಳ ಮನೆಯವರ ಕಣ್ಣಿಗೆ ಬೀಳುವ ಖಾತೆಗೆ ಬಂದರೆ ಒಳ್ಳೆಯದು.

ಇನ್ನು ಮಾತನಾಡಲು ಒಬ್ಬರು ಬೇಕಲ್ವಾ? ಜೂಜಿನ ಸಹಾಯವಾಣಿ 1800 858 858ಕ್ಕೆ ಫೋನ್ ಮಾಡಿ. ಯಾವ ರಾಜ್ಯದಿಂದ ಮಾಡಿದರೂ ಇದೇ ನಂಬರು, ದಿನದ 24 ಗಂಟೆ, ಉಚಿತ. ಹೆಸರು ಹೇಳದೆಯೂ ಮಾತನಾಡಬಹುದು. ಫೋನಿನಲ್ಲಿ ಮಾತನಾಡಲು ಸಂಕೋಚವಿದ್ದರೆ ‘ಗ್ಯಾಂಬ್ಲಿಂಗ್ ಹೆಲ್ಪ್ ಆನ್‌ಲೈನ್’ನಲ್ಲಿ ಚಾಟ್ ಇದೆ. ಇಂಗ್ಲಿಷ್ ಕಷ್ಟವಾದರೆ ಮೊದಲು ಭಾಷಾಂತರ ಸೇವೆಯ 131 450ಕ್ಕೆ ಮಾಡಿ ಕನ್ನಡ ಇಂಟರ್‌ಪ್ರಿಟರ್ ಬೇಕು ಎಂದು ಕೇಳಿ. ನಮ್ಮ ಸಮುದಾಯ ಚಿಕ್ಕದು. ಆ ಕಡೆ ಇರುವವರು ಮುಂದಿನ ವಾರ ಕನ್ನಡ ಸಂಘದ ಊಟದ ಸಾಲಿನಲ್ಲಿ ಸಿಕ್ಕರೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಗುಟ್ಟು ಕಾಯುವುದು ಅವರ ವೃತ್ತಿಯ ನಿಯಮ. ಅದರ ಮೇಲೂ ಅಳುಕಿದ್ದರೆ ನಿಮ್ಮ ಹೆಸರು, ಬಡಾವಣೆ ಹೇಳಬೇಡಿ.

ಜೂಜಾಡುವವರಿಗೆ ಮಾತ್ರ ಈ ನಂಬರ್ ಎಂದುಕೊಳ್ಳಬೇಡಿ. ಹೆಂಡತಿ, ಗಂಡ, ಅಪ್ಪ-ಅಮ್ಮ, ಜೊತೆಗೆ ರೂಮಿನಲ್ಲಿರುವ ಗೆಳೆಯ, ಯಾರು ಬೇಕಾದರೂ ಫೋನ್ ಮಾಡಬಹುದು. ಬೆಟ್‌ಸ್ಟಾಪ್‌ನಲ್ಲಿ ಮಾತ್ರ ಇನ್ನೊಬ್ಬರ ಹೆಸರನ್ನು ನೀವು ಬರೆಸಲಾಗದು, ಅವರೇ ಬರೆಸಬೇಕು.

ಈಗ ಸಾಲ. ನ್ಯಾಷನಲ್ ಡೆಟ್ ಹೆಲ್ಪ್‌ಲೈನ್ 1800 007 007. ಅಲ್ಲಿ ಸಿಗುವ ಫೈನಾನ್ಷಿಯಲ್ ಕೌನ್ಸೆಲರ್ ಒಂದು ಡಾಲರ್ ಕೂಡ ಕೇಳುವುದಿಲ್ಲ. ಯಾವ ಸಾಲ ಮೊದಲು, ಯಾವುದು ಆಮೇಲೆ ಎಂದು ಕೂತು ಲೆಕ್ಕ ಹಾಕುತ್ತಾರೆ, ಬ್ಯಾಂಕಿನ ಹತ್ತಿರ ಹೇಗೆ ಮಾತನಾಡಬೇಕು ಎಂದೂ ಹೇಳಿಕೊಡುತ್ತಾರೆ. ಕಂತು ಕಟ್ಟಲು ಆಗುತ್ತಿಲ್ಲ ಎಂದು ನೀವು ತಿಳಿಸಿದರೆ ಬ್ಯಾಂಕು ಅದನ್ನು ಪರಿಶೀಲಿಸಲೇಬೇಕು, ಅದು ಕಾನೂನು. ಇದಕ್ಕೆ ಇಲ್ಲಿ ‘ಹಾರ್ಡ್‌ಶಿಪ್’ ಎನ್ನುತ್ತಾರೆ. ಆ ಪದವನ್ನೇ ಬಳಸಿ ಕೇಳಿ. ‘ನಿಮ್ಮ ಸಾಲ ಸರಿಮಾಡಿಕೊಡುತ್ತೇವೆ’ ಎಂದು ಫೀಸು ಕೇಳುವ ಕಂಪನಿಗಳಿಂದ ದೂರ ಇರಿ.

ಇಷ್ಟೆಲ್ಲ ವ್ಯವಸ್ಥೆ ಯಾಕೆ ಎಂದರೆ, ಇಲ್ಲಿ ಜೂಜನ್ನು ಬರೀ ಒಬ್ಬನ ಚಟ ಎಂದು ನೋಡುವುದು ನಿಧಾನಕ್ಕೆ ಕಡಿಮೆಯಾಗುತ್ತಿದೆ. ಮಷಿನ್, ಜಾಹೀರಾತು, ಸುಲಭವಾಗಿ ಸಿಗುವ ಸಾಲ ಇವೂ ಕಾರಣ ಎಂಬ ಮಾತಿಗೆ ಬೆಲೆ ಬಂದಿದೆ. 2023ರಲ್ಲಿ ಬೆಟ್ಟಿಂಗ್ ಜಾಹೀರಾತಿನ ‘ಜವಾಬ್ದಾರಿಯಿಂದ ಆಡಿ’ ಎಂಬ ಸಾಲನ್ನು ತೆಗೆದು, ನೀವು ಸೋಲುವ ಸಾಧ್ಯತೆಯೇ ಹೆಚ್ಚು ಎನ್ನುವ ಥರದ ಎಚ್ಚರಿಕೆಗಳನ್ನು ಹಾಕಿಸಿದರು. 2024ರ ಜೂನ್‌ನಿಂದ ಆನ್‌ಲೈನ್ ಬೆಟ್ಟಿಂಗ್‌ಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪರ್ತ್‌ನ ಕ್ಯಾಸಿನೊ ಬಿಟ್ಟರೆ ಪೋಕಿಗಳೇ ಇಲ್ಲ. ಪೀಟಾ ಮರ್ಫಿ ಅಧ್ಯಕ್ಷತೆಯ ಸಂಸದೀಯ ಸಮಿತಿ 2023ರ ಜೂನ್‌ನಲ್ಲಿ 31 ಶಿಫಾರಸು ಮಾಡಿತು. ಆನ್‌ಲೈನ್ ಜೂಜಿನ ಜಾಹೀರಾತನ್ನು 3 ವರ್ಷದಲ್ಲಿ ಹಂತಹಂತವಾಗಿ ಪೂರ್ತಿ ನಿಲ್ಲಿಸಿ ಎಂಬುದು ಅದರಲ್ಲಿ ಮುಖ್ಯವಾದದ್ದು. ಸುಮ್ನೆ ‘ಬುದ್ಧಿ ಇಲ್ಲದವನು’ ಎಂದು ಒಬ್ಬನನ್ನು ಬೈದು ಮುಗಿಸುವ ನಮ್ಮ ಅಭ್ಯಾಸಕ್ಕಿಂತ ಈ ನೋಟ ಎಷ್ಟೋ ಮೇಲು.

ಮನೆಯಲ್ಲಿ ಯಾರಾದರೂ ಸಾಲದ ಗಾಬರಿಯಲ್ಲಿ ‘ನಾನು ಇರಬಾರದು’ ಎಂಬಂಥ ಮಾತಾಡಿದರೆ ಮೇಲಿನ ಯಾವುದಕ್ಕೂ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಲೈಫ್‌ಲೈನ್ ಎಂಬ ಸಹಾಯವಾಣಿ 13 11 14, ಹಗಲು ರಾತ್ರಿ ಇರುತ್ತದೆ. ಜೀವಕ್ಕೆ ಅಪಾಯ ಎನಿಸಿದ ಕ್ಷಣವೇ ತುರ್ತು ನಂಬರ್ 000ಗೆ ಫೋನ್ ಮಾಡಿ.