ಕಾನ್ಫೆಡರೇಟ್ ಪ್ರತಿಮೆಯನ್ನು ಕೆಡದಂತೆ ಇಳಿಸುವುದು ಹೇಗೆ, ಇಳಿಸಿ ಎಲ್ಲಿಡುವುದು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೋರ್ಟುಗಳ ಎದುರು, ಪಾರ್ಕುಗಳ ನಡುವೆ ನಿಂತ ಕಾನ್ಫೆಡರೇಟ್ ಸ್ಮಾರಕಗಳಲ್ಲಿ (ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಬೇರೆಯಾಗಿ ಕಾದಾಡಿದ ದಕ್ಷಿಣದವರ ನೆನಪಿನವು) ಹೆಚ್ಚಿನವು ಎದ್ದದ್ದು 1861–65ರ ಅಂತರ್ಯುದ್ಧ ಮುಗಿದು ದಶಕಗಳಾದ ಮೇಲೆ, ಕಪ್ಪು ಜನರ ಮತದ ಹಕ್ಕನ್ನು ಕಸಿದುಕೊಂಡ ಕಾಲದಲ್ಲಿ. ಗುಲಾಮಗಿರಿಯ ಪರ ಕಾದಾಡಿದವರಿಗೆ ಊರಿನ ಗೌರವದ ಜಾಗ ಬೇಡ ಎನ್ನುವುದು ನ್ಯಾಯವಾದ ಮಾತು. ಆದರೆ ಅವಸರದಲ್ಲಿ ಇಳಿಸಿ ಮುರಿದರೆ, ಮುಂದೆ ಅದನ್ನು ಏನು ಮಾಡಬೇಕೆಂದು ಯೋಚಿಸುವ ಅವಕಾಶವೂ ಮುರಿಯುತ್ತದೆ.

ಮೊದಲು ಅದು ಎಂಥ ವಸ್ತು ಎಂದು ತಿಳಿಯಿರಿ. ಪ್ರತಿಮೆಯ ಪಾದದ ಬಳಿಯ ಅಂಚಿನಲ್ಲಿ ಶಿಲ್ಪಿಯ ಸಹಿ, ಎರಕದ ಕಾರ್ಖಾನೆಯ ಗುರುತು ಹುಡುಕಿ. ಹಲವು ಊರುಗಳ ಕಾವಲು ಸೈನಿಕನ ಪ್ರತಿಮೆ ಕೆಟಲಾಗ್ ನೋಡಿ ತರಿಸಿದ್ದು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ ಸತುವಿನ ಸೈನಿಕರನ್ನು ಉತ್ತರಕ್ಕೂ ದಕ್ಷಿಣಕ್ಕೂ ಮಾರಿತ್ತು. ನೀಲಿ ಮಿಶ್ರಿತ ಬೂದು ಬಣ್ಣ, ಎದ್ದು ಕಾಣುವ ಬೆಸುಗೆಯ ಗೆರೆ ಇದ್ದರೆ ಅದು ಸತು, ಎಳೆದರೆ ಒಡೆಯುತ್ತದೆ. ತಗಡಿನಷ್ಟು ತೆಳ್ಳಗಿದ್ದರೆ ಮುದುಡುತ್ತದೆ. 2017ರ ಆಗಸ್ಟಿನಲ್ಲಿ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಜನ ಹಗ್ಗ ಹಾಕಿ ಎಳೆದ ಸೈನಿಕ ನೆಲಕ್ಕೆ ಬಿದ್ದದ್ದೇ ಮುದ್ದೆಯಾದ.

ಇನ್ನು ಕೆಲವು ನಿಜವಾದ ಕಲಾಕೃತಿಗಳು. ವರ್ಜೀನಿಯಾ ರಾಜ್ಯದ ರಿಚ್‌ಮಂಡ್‌ನಲ್ಲಿ 1890ರಿಂದ ನಿಂತಿದ್ದ, ಕಾನ್ಫೆಡರೇಟ್ ಸೇನಾಪತಿ ರಾಬರ್ಟ್ ಇ. ಲೀ ಪ್ರತಿಮೆಯನ್ನು ಮಾಡಿದವರು ಫ್ರಾನ್ಸಿನ ಆಂತೊನಾ ಮೆರ್ಸಿಯೆ. ಕುದುರೆಯ ನಿಲುವಿನಲ್ಲಿ, ಸವಾರನ ಬೆನ್ನಿನ ನೇರದಲ್ಲಿ ಪಳಗಿದ ಕೈ ಕಾಣುತ್ತದೆ. ಹಾಗೆಂದು ಅದು ಅಲ್ಲೇ ನಿಲ್ಲಬೇಕಿತ್ತು ಎಂದಾಗುವುದಿಲ್ಲ. ಕಲೆಯ ಬೆಲೆಗೂ ಜಾಗದ ಹಕ್ಕಿಗೂ ಎರಡು ಬೇರೆ ವರದಿ ಬರೆಸಿ: ಒಂದನ್ನು ಲೋಹಶಿಲ್ಪ ಬಲ್ಲವರಿಂದ, ಇನ್ನೊಂದನ್ನು ಇತಿಹಾಸಕಾರರಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋದ ಸಭೆಗಳು ಕಿತ್ತಾಟದಲ್ಲೇ ಮುಗಿಯುತ್ತವೆ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಜೀನಿಯಾದಲ್ಲಿ 2020ರ ಜುಲೈ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಸ್ಥಳೀಯ ಆಡಳಿತ ಪ್ರಕಟಣೆ ಹೊರಡಿಸಿ, ಸಾರ್ವಜನಿಕ ವಿಚಾರಣೆ ನಡೆಸಿ, ತೆಗೆಯುವ ತೀರ್ಮಾನವಾದರೆ 30 ದಿನ ಮ್ಯೂಸಿಯಂ, ಇತಿಹಾಸ ಸಂಸ್ಥೆ, ಸರ್ಕಾರ ಅಥವಾ ಯುದ್ಧಭೂಮಿಗೆ ಪ್ರತಿಮೆಯನ್ನು ಕೊಡಲು ಮುಂದಾಗಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರೂ ವಿಚಾರಣೆಗೆ ಹೋಗಿ ಮಾತಾಡಬಹುದು. ಅಲಬಾಮಾದ 2017ರ ಕಾಯ್ದೆ ಇಂಥ ಸ್ಮಾರಕ ತೆಗೆದರೆ 25,000 ಡಾಲರ್ ದಂಡ ಹಾಕುತ್ತದೆ. ಜಮೀನಿನ ದಾನಪತ್ರವನ್ನೂ ಓದಿಸಿ. ರಿಚ್‌ಮಂಡ್‌ನ ಲೀ ಮೊಕದ್ದಮೆ 19ನೇ ಶತಮಾನದ ಇಂಥ ಪತ್ರಗಳ ಮೇಲೆಯೇ ನಡೆದು, 2021ರ ಸೆಪ್ಟೆಂಬರ್ 2ರಂದು ತೀರ್ಪು ಬಂದಿತು. ಆರನೆಯ ದಿನಕ್ಕೆ ಪ್ರತಿಮೆ ಇಳಿಯಿತು.

ಇನ್ನು ಕೆಲಸ. ಸುತ್ತಲೂ ಮೂರು ಎತ್ತರಗಳಿಂದ, ಒಂದು ಚಿತ್ರ ಮುಂದಿನದರ ಮುಕ್ಕಾಲು ಭಾಗವನ್ನಾದರೂ ಒಳಗೊಳ್ಳುವಂತೆ ಫೋಟೊ ತೆಗೆಯಿರಿ, ಅಳತೆಪಟ್ಟಿ ಚಿತ್ರದಲ್ಲಿರಲಿ. ಇದರಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಸಿಗುತ್ತದೆ. ಪೀಠದ ಪ್ರತಿ ಕಲ್ಲಿಗೂ ಸಂಖ್ಯೆಯ ಚೀಟಿ ಕಟ್ಟಿ. ಪೇಂಟಿನಲ್ಲಿ ಬರೆಯಬೇಡಿ, ಗ್ರಾನೈಟ್ ಅದನ್ನು ಹೀರಿಕೊಳ್ಳುತ್ತದೆ.

ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ಗ್ರಾನೈಟ್ ಘನಮೀಟರಿಗೆ ಸುಮಾರು 2.7 ಟನ್, 1.2 ಮೀಟರ್ ಚೌಕದ, 1 ಮೀಟರ್ ಎತ್ತರದ ಕಲ್ಲು ಸುಮಾರು 3.9 ಟನ್ ತೂಗುತ್ತದೆ. ಕಂಚು ಟೊಳ್ಳು, ಆದರೆ ಒಳಗೆ ಉಳಿದ ಎರಕದ ಮಣ್ಣು, ನಿಂತ ಮಳೆನೀರು ಲೆಕ್ಕ ತಪ್ಪಿಸುತ್ತವೆ. ಇರುವ ತೂತಿನಿಂದಲೇ ಸಣ್ಣ ಕ್ಯಾಮೆರಾ ಇಳಿಸಿ ಒಳಗಿನ ಕಬ್ಬಿಣದ ಚೌಕಟ್ಟು ನೋಡಿ. ಕಂಚಿಗೆ ತಾಗಿದ ಕಬ್ಬಿಣ ನೀರು ಸೇರಿದಾಗ ಬೇಗ ತುಕ್ಕು ಹಿಡಿಯುತ್ತದೆ. ನೂರು ವರ್ಷ ಹಳೆಯ ಬೋಲ್ಟನ್ನು ನಂಬಿ ಎತ್ತುವುದು ಅಪಾಯ. ಕ್ರೇನ್ ನಿಂತ ಜಾಗದಿಂದ ಪ್ರತಿಮೆ ಇರುವ ದೂರಕ್ಕೆ ಅದು ಎತ್ತಬಲ್ಲ ತೂಕದ ಮುಕ್ಕಾಲು ಪಾಲು ಮೀರದಂತೆ ನೋಡಿಕೊಳ್ಳಿ.

ಸರಪಳಿ ಬೇಡ, ಅಗಲವಾದ ನೈಲಾನ್ ಬೆಲ್ಟ್ ಬೇಕು. ಅದರಡಿ ದಪ್ಪ ಫೆಲ್ಟ್. ಕುದುರೆ ಪ್ರತಿಮೆಯಾದರೆ ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಬೆಲ್ಟ್ ಹೊಟ್ಟೆಯಡಿ ಹಾಯಿಸಿ, ಮೇಲೆ ಅಡ್ಡ ತೊಲೆ ಹಾಕಿ. ಕುತ್ತಿಗೆ, ಕತ್ತಿ, ಬಾಲ, ಕೈ ಯಾವುದನ್ನೂ ಹಿಡಿದು ಎತ್ತಬಾರದು. 5 ಸೆಂಟಿಮೀಟರ್ ಎತ್ತಿ ನಿಲ್ಲಿಸಿ ನೋಡಿ. ಕದಲದಿದ್ದರೆ ಇನ್ನೂ ಜೋರಾಗಿ ಎಳೆಯಬೇಡಿ: ಎಲ್ಲೋ ಸೀಸ ಹೊಯ್ದು ಕೂರಿಸಿದ ಸರಳು ಹಿಡಿದಿದೆ, ಅದನ್ನು ಬುಡದಲ್ಲಿ ಕೊಯ್ಯಬೇಕು. ಪ್ರತಿಮೆಯ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರನ್ನೂ ಬಿಡಬೇಡಿ. 2020ರ ಜೂನ್‌ನಲ್ಲಿ ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ ಜನ ಎಳೆದ ಪ್ರತಿಮೆ ಮೇಲೆ ಬಿದ್ದು ಒಬ್ಬರು ತೀವ್ರವಾಗಿ ಗಾಯಗೊಂಡರು.

ಸಾಗಿಸುವ ದಾರಿಯ ಸೇತುವೆಗಳ ಎತ್ತರವನ್ನು ಮುಂಚೆಯೇ ಅಳೆಯಿರಿ. 21 ಅಡಿ ಎತ್ತರದ, ಸುಮಾರು 12 ಟನ್ ತೂಕದ ಲೀ ಪ್ರತಿಮೆಯನ್ನು ಇದೇ ಕಾರಣಕ್ಕೆ ಸೊಂಟದಲ್ಲಿ ಕೊಯ್ದರು. ಕೊಯ್ಯಲೇಬೇಕಾದರೆ ಮೂಲ ಎರಕದ ತುಂಡುಗಳು ಸೇರಿದ ಜಾಗ ಹುಡುಕಿ ಅಲ್ಲೇ ಕೊಯ್ಯಿರಿ. ಪೀಠವನ್ನೂ ಯಂತ್ರದಿಂದ ಒಡೆಯಬೇಡಿ. ಅದೇ ಲೀ ಪೀಠದೊಳಗೆ 2021ರ ಡಿಸೆಂಬರಿನಲ್ಲಿ ಕಟ್ಟುವಾಗ ಹುದುಗಿಸಿದ್ದ ಸೀಸದ್ದೊಂದು, ತಾಮ್ರದ್ದೊಂದು ಪೆಟ್ಟಿಗೆ ಸಿಕ್ಕವು.

ಇಟ್ಟ ಮೇಲೆ ಗಾಳಿಯ ತೇವ ಶೇ 45 ಮೀರದಿರಲಿ. ಗಟ್ಟಿಯಾಗಿ ಅಂಟಿದ ಕಡುಹಸಿರು ಕಿಲುಬು ಲೋಹವನ್ನು ಕಾಯುತ್ತದೆ, ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ತಿನ್ನುತ್ತದೆ. ಪ್ರತಿಭಟನೆಯ ಬಣ್ಣವನ್ನು ಒರೆಸುವ ಮುನ್ನ ನಿಲ್ಲಿ. ಅದೂ ಈಗ ಆ ವಸ್ತುವಿನ ಇತಿಹಾಸ. ರಿಚ್‌ಮಂಡ್‌ನ ವ್ಯಾಲೆಂಟೈನ್ ಮ್ಯೂಸಿಯಂ, ಶಿಲ್ಪಿ ಎಡ್ವರ್ಡ್ ವ್ಯಾಲೆಂಟೈನ್ ಮಾಡಿದ, ಕಾನ್ಫೆಡರೇಟ್ ಅಧ್ಯಕ್ಷ ಜೆಫರ್ಸನ್ ಡೇವಿಸ್ ಪ್ರತಿಮೆಯನ್ನು ಬಣ್ಣ, ನೆಗ್ಗು ಸಮೇತ ಮಲಗಿಸಿಯೇ ಪ್ರದರ್ಶಿಸಿತು. ನಮ್ಮ ದೃಷ್ಟಿಯಲ್ಲಿ ಅದು ಬಹಳ ಪ್ರಾಮಾಣಿಕವಾದ ಪ್ರದರ್ಶನ.

ಮ್ಯೂಸಿಯಂಗೆ ಹೋದರೆ ಪೀಠವಿಲ್ಲದೆ ನೆಲಮಟ್ಟದಲ್ಲಿಡಿ: ಪೂಜೆಯ ಎತ್ತರ ಇಳಿಯುತ್ತದೆ, ಕೆಲಸಗಾರಿಕೆ ಕಣ್ಣಿಗೆ ಹತ್ತಿರವಾಗುತ್ತದೆ. ನೆಲ ಆ ಭಾರ ತಾಳುತ್ತದೆಯೇ ಎಂದು ಎಂಜಿನಿಯರಿಂದ ಬರೆಸಿಕೊಳ್ಳಿ. ಫಲಕದಲ್ಲಿ ಹಣ ಕೊಟ್ಟವರು ಯಾರು, ಯಾವ ವರ್ಷ, ಅನಾವರಣದ ಭಾಷಣದಲ್ಲಿ ಏನು ಹೇಳಿದರು ಎಂಬುದಿರಲಿ. ಶಾರ್ಲಟ್ಸ್‌ವಿಲ್‌ನ ಇನ್ನೊಂದು ಲೀ ಪ್ರತಿಮೆಗೆ 2023ರಲ್ಲಿ ಮಾಡಿದ ಹಾಗೆ, ಕರಗಿಸಿ ಹೊಸ ಕೃತಿಗೆ ಕಂಚು ಕೊಡುವುದೂ ಸರಿಯಾದ ದಾರಿಯೇ; ಮಾದರಿಯ ದಾಖಲೆ ಮೊದಲು ಪೂರ್ಣವಾಗಿರಲಿ, ಮಿಶ್ರಲೋಹದ ಸೀಸ, ಸತುವಿನ ಪ್ರಮಾಣ ಪರೀಕ್ಷಿಸಿರಿ, ಏಕೆಂದರೆ ಅವುಗಳ ಹೊಗೆ ಕುಲುಮೆಯವರ ಎದೆಗೆ ವಿಷ.

ಕೆಳಗೆ ಸಮಾಧಿಗಳಿದ್ದರೆ ಬುನಾದಿಯನ್ನು ಮುಟ್ಟಬೇಡಿ. ಸೈನಿಕರ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ 2023ರ ಡಿಸೆಂಬರಿನಲ್ಲಿ ಕಂಚನ್ನಷ್ಟೇ ಇಳಿಸಿ, ಸುತ್ತಲ ಗೋರಿಗಳು ಕದಲದಂತೆ ಗ್ರಾನೈಟ್ ಪೀಠವನ್ನು ಅಲ್ಲೇ ಬಿಟ್ಟರು.