ಕಾಲೇಜ್ ಫುಟ್‌ಬಾಲ್: 60 ನಿಮಿಷದ ಆಟಕ್ಕೆ ಇಡೀ ದಿನ ತೆಗೆದಿಡಿ

ಅಮೆರಿಕದ ಯೂನಿವರ್ಸಿಟಿ ಊರುಗಳಿಗೆ ಹೊಸದಾಗಿ ಬಂದ ನಮ್ಮವರು ಅಲ್ಲಿನ ಕಾಲೇಜ್ ತಂಡಗಳ ಅಮೆರಿಕನ್ ಫುಟ್‌ಬಾಲ್ (ಸಾಕರ್ ಅಲ್ಲ) ಪಂದ್ಯ ನೋಡಲು ಹೊರಟು ಪ್ರತಿ ಸೆಪ್ಟೆಂಬರ್‌ನಲ್ಲೂ ಒಂದೇ ಎಡವಟ್ಟು ಮಾಡುತ್ತಾರೆ. ನಾಲ್ಕು ಕ್ವಾರ್ಟರ್, ತಲಾ 15 ನಿಮಿಷ, ವಿರಾಮ ಸೇರಿ ಎರಡು ಗಂಟೆ ಎಂದು ಲೆಕ್ಕ ಹಾಕಿ ವಾಪಸ್ ಬಸ್ಸನ್ನೋ ವಿಮಾನವನ್ನೋ ಬುಕ್ ಮಾಡಿಬಿಡುತ್ತಾರೆ. ಪಂದ್ಯ ಹಿಡಿಯುವುದು ಹತ್ತಿರ ಹತ್ತಿರ ಮೂರೂವರೆ ಗಂಟೆ.

ಇಷ್ಟು ಹೊತ್ತು ಎಲ್ಲಿಗೆ ಹೋಗುತ್ತದೆ? ಒಂದು ಪ್ಲೇ, ಅಂದರೆ ಚೆಂಡನ್ನು ಮುಂದೊಯ್ಯುವ ಒಂದು ಯತ್ನ, ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ, ಮುಂದಿನದನ್ನು ಶುರು ಮಾಡಲು 40 ಸೆಕೆಂಡ್ ಅವಕಾಶ. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಮೊದಲು ಪ್ರತಿ ಫಸ್ಟ್ ಡೌನ್‌ಗೂ (ತಂಡ 10 ಗಜ ದಾಟಿ ಹೊಸದಾಗಿ ನಾಲ್ಕು ಯತ್ನ ಪಡೆದಾಗ) ನಿಲ್ಲುತ್ತಿತ್ತು. 2023ರಿಂದ ಅದು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಮಾತ್ರ. ಇದರಿಂದ ಉಳಿದದ್ದು ಕೆಲವೇ ನಿಮಿಷ.

ನಿಜವಾದ ಕಳ್ಳ ಜಾಹೀರಾತು. ಟಚ್‌ಡೌನ್ ಆಯಿತು (ಚೆಂಡು ಎದುರಾಳಿಯ ತುದಿಯ ಎಂಡ್‌ಝೋನ್ ಪಟ್ಟಿ ಸೇರಿತು), ಎಕ್ಸ್‌ಟ್ರಾ ಪಾಯಿಂಟ್ ಒದ್ದರು, ಜಾಹೀರಾತು. ಆಟ ಮುಂದುವರಿಸಲು ಚೆಂಡು ಒದೆಯುವ ಕಿಕ್‌ಆಫ್ ಆಯಿತು, ಚೆಂಡು ಎಂಡ್‌ಝೋನ್‌ಗೆ ಹೋಗಿ ಯಾರೂ ಓಡದೆಯೇ ಟಚ್‌ಬ್ಯಾಕ್, ಮತ್ತೆ ಜಾಹೀರಾತು. ಸೈಡ್‌ಲೈನ್‌ನಲ್ಲಿ ಕೆಂಪು ಟೋಪಿ ಹಾಕಿದ ಟಿವಿ ಸಿಬ್ಬಂದಿಯೊಬ್ಬರನ್ನು ಗಮನಿಸಿ. ಅವರು ಮೈದಾನದೊಳಗೆ ಬಂದು ನಿಂತರೆ ಬ್ರೇಕ್ ನಡೆಯುತ್ತಿದೆ ಎಂದರ್ಥ. ಅವರು ಹೊರಗೆ ಸರಿಯುವವರೆಗೆ ಸ್ಟೇಡಿಯಂನಲ್ಲಿ ಕೂತ ಲಕ್ಷ ಜನ ಕಾಯಬೇಕು.

ಆಟ ತೀರಾ ಉದ್ದವಾಗಿದೆ ಎಂಬ ದೂರು ನ್ಯಾಯವಾದದ್ದೇ. ಆದರೆ ಪರಿಹಾರವೆಂದು 2023ರಲ್ಲಿ ಕಡಿತಗೊಂಡದ್ದು ಪ್ಲೇಗಳು, ಜಾಹೀರಾತಲ್ಲ. ಇದು ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಮಾಡಿದ ಅನ್ಯಾಯ. ಟಿ20 ಪಂದ್ಯವೂ ಇಷ್ಟೇ ಹೊತ್ತು ಹಿಡಿಯುತ್ತದೆ, ಆದರೆ 240 ಎಸೆತ ನೋಡಲು ಸಿಗುತ್ತವೆ. ಇಲ್ಲಿ ಅಷ್ಟು ಪ್ಲೇ ಸಿಗುವುದಿಲ್ಲ. 20 ನಿಮಿಷದ ಹಾಫ್‌ಟೈಮನ್ನು ಮಾತ್ರ ಯಾರೂ ಮುಟ್ಟಬಾರದು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅಪರೂಪವಾದ ಮಾರ್ಚಿಂಗ್ ಬ್ಯಾಂಡಿನ ಸೊಗಸು ಇರುವುದೇ ಅಲ್ಲಿ. ತಿಂಡಿಗೆಂದು ಆಗ ಎದ್ದು ಹೋಗಬೇಡಿ, ಜಾಹೀರಾತಿನ ಹೊತ್ತಿನಲ್ಲಿ ಹೋಗಿ.

ಈಗ ಜೇಬಿಗೆ ಕತ್ತರಿ ಹಾಕುವ ವಿಷಯ. ಟಿಕೆಟ್ ಕೊಳ್ಳುವಾಗ ಎಷ್ಟೋ ಪಂದ್ಯಗಳ ತಾರೀಖು ಮಾತ್ರ ಗೊತ್ತಿರುತ್ತದೆ, ಶುರುವಾಗುವ ವೇಳೆ ಗೊತ್ತಿರುವುದಿಲ್ಲ. ಅದನ್ನು ಟಿವಿ ಚಾನೆಲ್‌ಗಳು ಸಾಮಾನ್ಯವಾಗಿ 12 ದಿನ ಮುಂಚೆ, ಕೆಲವೊಮ್ಮೆ ಬರೀ 6 ದಿನ ಮುಂಚೆ ಗೊತ್ತು ಮಾಡುತ್ತವೆ. ಮಧ್ಯಾಹ್ನ 12 ಆಗಬಹುದು, 3:30 ಆಗಬಹುದು, ರಾತ್ರಿ 7:30 ಕೂಡ ಆಗಬಹುದು. ಅದೂ ಹೆಚ್ಚಾಗಿ ಈಸ್ಟರ್ನ್ ಟೈಮ್‌ನಲ್ಲಿ ಹೇಳುತ್ತಾರೆ. ಟೆಕ್ಸಾಸ್‌ನ ಬಹುಭಾಗದಲ್ಲಿರುವವರು ಒಂದು ಗಂಟೆ ಕಳೆಯಬೇಕು. 7:30ಕ್ಕೆ ಶುರುವಾದರೆ ಮುಗಿಯುವುದು 11ಕ್ಕೆ. ಅಲ್ಲಿಂದ ಕಾರ್ ಪಾರ್ಕಿಂಗ್ ಲಾಟ್ ಬಿಟ್ಟು ಹೊರಬರಲು ಇನ್ನೊಂದು ಗಂಟೆ ಇಟ್ಟುಕೊಳ್ಳಿ. ಪೆನ್ ಸ್ಟೇಟ್ ಯೂನಿವರ್ಸಿಟಿಯ ಊರಾದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್‌ನಂಥ ಕಡೆ ಬೀವರ್ ಸ್ಟೇಡಿಯಂನಿಂದ ಲಕ್ಷ ಜನ ಒಟ್ಟಿಗೆ ಹೊರಬರುವಾಗ ಟ್ಯಾಕ್ಸಿ ಆ್ಯಪ್‌ಗಳ ದರ ಗಗನಕ್ಕೇರುತ್ತದೆ. ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಎರಡೂ ಅಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಶನಿವಾರ ರಾತ್ರಿಯ ವಿಮಾನ ಹಿಡಿಯುವ ಆಸೆ ಬಿಟ್ಟುಬಿಡಿ. ವೇಳೆ ಪ್ರಕಟವಾಗುವ ಮೊದಲು ಮರುಪಾವತಿ ಇಲ್ಲದ ಯಾವ ಟಿಕೆಟನ್ನೂ ಕೊಳ್ಳಬೇಡಿ. ಕೋಣೆ ಬುಕ್ ಮಾಡುವುದಾದರೆ ರದ್ದು ಮಾಡಬಹುದಾದದ್ದನ್ನೇ ಆರಿಸಿ, ಎರಡು ರಾತ್ರಿಗಿಂತ ಕಡಿಮೆಗೆ ಕೊಡದ ಹೋಟೆಲ್‌ಗಳೂ ಉಂಟು.

ಮೂರೂವರೆ ಗಂಟೆಯೂ ಖಾತರಿಯಲ್ಲ. ಇಲ್ಲಿ ಡ್ರಾ ಇಲ್ಲ, ಅಂಕ ಸಮವಾದರೆ ಆಡುವ ಓವರ್‌ಟೈಮ್‌ನಲ್ಲಿ ಗಡಿಯಾರವೂ ಓಡುವುದಿಲ್ಲ. 2021ರಲ್ಲಿ ಇಲಿನಾಯ್ ಮತ್ತು ಪೆನ್ ಸ್ಟೇಟ್ ಒಂಬತ್ತು ಓವರ್‌ಟೈಮ್ ಆಡಿದ ಮೇಲೆ 20-18ಕ್ಕೆ ಪಂದ್ಯ ಮುಗಿಯಿತು. ಹತ್ತಿರದಲ್ಲಿ ಸಿಡಿಲು ಬಂದರೆ ಆಟ 30 ನಿಮಿಷ ನಿಲ್ಲುತ್ತದೆ, ಮತ್ತೊಂದು ಸಿಡಿಲಿಗೆ ಆ 30 ನಿಮಿಷ ಮೊದಲಿನಿಂದ ಶುರು.

ಬಹುತೇಕ ಸ್ಟೇಡಿಯಂಗಳಲ್ಲಿ ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಬ್ಯಾಗ್ ಪಾರದರ್ಶಕವಾಗಿರಬೇಕು, ಸಾಮಾನ್ಯ ಮಿತಿ 12×6×12 ಇಂಚು. ಪುಳಿಯೋಗರೆ ಡಬ್ಬಿಯನ್ನು ಕಾರಿನ ಹತ್ತಿರವೇ ಖಾಲಿ ಮಾಡಿ. ಚಿಕ್ಕ ಮಕ್ಕಳಿದ್ದರೆ 12 ಗಂಟೆಯ ಪಂದ್ಯವನ್ನೇ ಆರಿಸಿಕೊಂಡು, ಮೂರನೇ ಕ್ವಾರ್ಟರ್ ಮುಗಿಯುತ್ತಿದ್ದಂತೆ ಹೊರಟುಬಿಡಿ. ಆಗ ರಸ್ತೆ ಇನ್ನೂ ಖಾಲಿ ಇರುತ್ತದೆ.