ಪುಕ್ಕಟೆ ದುಡಿಮೆಗೂ ಬೆಲೆ ಬರೆಯಿರಿ

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ, ಬೆಂಗಳೂರಿನ ಹೆಗಡೆನಗರದ ಕಡೆ ನಿರಾಶ್ರಿತ ಹೆಂಗಸರ ಜೊತೆ ಕೆಲಸ ಮಾಡುವ ಒಂದು ಗುಂಪಿನ ಲೆಕ್ಕ ನೋಡ್ತೀನಿ. ರೇಷನ್ ಕಿಟ್ ಹಂಚುತ್ತಿದ್ದವರು ಈಗ ಬಟ್ಟೆ ಚೀಲ ಹೊಲಿಸಿ ಮಾರುತ್ತಾರೆ. ನಿಮ್ಮ ಗುಂಪಿಗೂ ಆ ಆಸೆ ಇದ್ದರೆ, ಹೊಲಿಗೆ ಮಿಷನ್‌ಗೆ ಮುಂಚೆ ಒಂದು ಲೆಕ್ಕದ ಪುಸ್ತಕ ಕೊಳ್ಳಿ.

ಚೀಲವೊಂದಕ್ಕೆ ಚಿಕ್ಕಪೇಟೆಯ ಬಟ್ಟೆ 38 ರೂಪಾಯಿ, ದಾರ-ಜಿಪ್ಪು 9, ಹೊಲಿಗೆ ಕೂಲಿ 35, ಬಾಡಿಗೆ-ಕರೆಂಟಿನ ಪಾಲು 14, ಆಟೋ 6, ಕೆಟ್ಟು ಹೋಗುವ ಮಾಲಿಗೆ 5 ಅಂತಿಟ್ಟುಕೊಳ್ಳಿ. 107 ಆಯ್ತು. 130ಕ್ಕೆ ಮಾರಿದರೆ ಲಾಭ ಅಂತ ಎಲ್ಲರಿಗೂ ಖುಷಿ. ಆದರೆ ಆರ್ಡರ್ ಹಿಡಿದು, ಬಟ್ಟೆ ತಂದು, ಕೂಲಿ ಹಂಚುವ ಹುಡುಗಿ ಸಂಬಳವಿಲ್ಲದೆ ದುಡಿಯುತ್ತಿದ್ದಾಳಲ್ಲ? ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕ ದಿನ ನಿಮ್ಮ ಉದ್ಯಮಕ್ಕೆ ಬೀಗ. ಅವಳ ಹೆಸರಿನಲ್ಲಿ ತಿಂಗಳಿಗೆ 18,000 ಬರೆದು 600 ಚೀಲಕ್ಕೆ ಹಂಚಿ: ತಲಾ 30. ಅಸಲೇ 137! ಒಂದೋ ಬೆಲೆ ಏರಿಸಿ, ಇಲ್ಲವೇ ಸಾವಿರ ಚೀಲ ಮಾರುವ ದಾರಿ ಹುಡುಕಿ. ಎರಡೂ ಆಗದಿದ್ದರೆ ಚೀಲ ಬಿಡಿ, ಬೇರೇನಾದರೂ ಮಾಡಿ.

ಅಯ್ಯೋ ಪಾಪ ಅಂತ ಕೊಳ್ಳುವವರು ಒಂದು ಸಲ ಕೊಳ್ಳುತ್ತಾರೆ, ಅಷ್ಟೆ. ನಿರಾಶ್ರಿತರಾಗಿ ಬಂದ ಟಿಬೆಟಿಯನ್ನರನ್ನು ನೋಡಿ. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲಕ್ಕೆ ಮಾಲು ಎತ್ತಿ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಕೊಳ್ಳುವವರು ನೋಡೋದು ಉಣ್ಣೆ, ಅಳತೆ, ಬೆಲೆ. ಅವರ ಕಥೆ ಯಾರು ಕೇಳ್ತಾರೆ? ನಿಮ್ಮ ಚೀಲದ ಲೇಬಲ್ಲಿನಿಂದಲೂ ಕಣ್ಣೀರು ತೆಗೆದುಬಿಡಿ. ಹಿಡಿ ಗಟ್ಟಿ ಹೊಲಿಸಿ.

ಕಾಗದಪತ್ರಕ್ಕೆ ಬರೋಣ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಕೈಯಲ್ಲಿದ್ದ ಮಾತ್ರಕ್ಕೆ ಇಲ್ಲಿ ಕೆಲಸ ಮಾಡುವ ಹಕ್ಕು ಬಂದಂತಲ್ಲ. ಹಾಗಾಗಿ ಯಾರಿಗೆ, ಯಾವ ಲೆಕ್ಕದಲ್ಲಿ ಹಣ ಕೊಡಬಹುದು ಅಂತ ಮೊದಲೇ ವಕೀಲರನ್ನು ಕೇಳಿ. ಇಲ್ಲಿ ಎಡವಿದರೆ ಪೆಟ್ಟು ಬೀಳೋದು ನಿಮಗಲ್ಲ, ಆ ಹೆಂಗಸರಿಗೆ. ದಾನಕ್ಕೊಂದು ಖಾತೆ, ವ್ಯಾಪಾರಕ್ಕೊಂದು ಖಾತೆ ಇರಲಿ. ಲಾಭ ಹಂಚಿಕೊಳ್ಳದೆ ಕೆಲಸಕ್ಕೇ ಹಾಕುವವರು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಡಿ ಕಂಪನಿ ಕಟ್ಟಬಹುದು. ಅಮೆರಿಕದ ಪೌರಳಾಗಿರುವ ಗೆಳತಿ ಪ್ರೀತಿಯಿಂದ ದೇಣಿಗೆ ಕಳಿಸ್ತೀನಿ ಅಂದರೆ ತಡೆಯಿರಿ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಆ ಹಣ ಮುಟ್ಟುವಂತಿಲ್ಲ.

ದೀಪಾವಳಿಗೆ ಕಂಪನಿಗಳಿಂದ ದೊಡ್ಡ ಆರ್ಡರ್ ಬರುತ್ತೆ. ಬಟ್ಟೆಯವರು ಕೈಯಲ್ಲಿ ಕಾಸು ಕೇಳುತ್ತಾರೆ, ಕಂಪನಿಯವರು ತಿಂಗಳುಗಟ್ಟಲೆ ಸತಾಯಿಸುತ್ತಾರೆ. ಅರ್ಧ ಮುಂಗಡವಿಲ್ಲದೆ ಕತ್ತರಿ ಆಡಿಸಬೇಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮಾಡಿಸಿ, ಅದಕ್ಕೆ ದುಡ್ಡು ಬೇಕಿಲ್ಲ. ಆ ಸಂಖ್ಯೆ ಬಿಲ್ಲಿನ ಮೇಲೆಯೇ ಇರಲಿ. ಸಣ್ಣ ಉದ್ಯಮಗಳಿಗಾಗಿರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ನಲವತ್ತನೇ ದಿನ ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಫೋನ್ ಹಾಕಿ.